ಸಂಚಯಿಕದ ಹಳೆಯ ಲೆಕ್ಕ

ಮೊನ್ನೆ ಅಟ್ಟವನ್ನು ಶುಚಿಗೊಳಿಸುತ್ತಿದ್ದಾಗ ಕೆಂಪು ರಟ್ಟಿನ ಒಂದು ಪುಸ್ತಕ ಕೈಗೆ ಸಿಕ್ಕಿತು. 'ಸಂಚಯಿಕ, 1988–89' ಎಂದು ನನ್ನದೇ ಅಕ್ಷರ. ಶಾಲೆಯ ಅಧಿಕೃತ ಲೆಕ್ಕವಲ್ಲ. ನಾನು ಇಟ್ಟುಕೊಂಡಿದ್ದ ಕಚ್ಚಾ ಪ್ರತಿ.

ಆ ಕಾಲದಲ್ಲಿ ಓದಿದವರಿಗೆ ಸಂಚಯಿಕದ ನೆನಪಿರಬಹುದು. ಶಾಲೆಯೊಳಗೇ ಒಂದು ಪುಟ್ಟ ಬ್ಯಾಂಕು. ವಿದ್ಯಾರ್ಥಿಗಳಲ್ಲೇ ಒಬ್ಬ ಮ್ಯಾನೇಜರ್, ಒಬ್ಬ ಕ್ಯಾಷಿಯರ್. ಮೇಲ್ವಿಚಾರಣೆಗೆ ಒಬ್ಬ ಶಿಕ್ಷಕ. ಕೂಡಿದ ಹಣ ಅಂಚೆ ಕಚೇರಿಯ ಉಳಿತಾಯ ಖಾತೆಗೆ ಹೋಗುತ್ತಿತ್ತು. ಬಿ.ಎಡ್. ಮುಗಿಸಿ ಕೆಲವೇ ವರ್ಷಗಳಾಗಿದ್ದ ನನಗೆ ಈ ಹೊಣೆ ಬಂದಿತು. ಹೊಸಬರಿಗೆ ಇಂತಹವು ಬಂದೇ ಬರುತ್ತವೆ!

ಈ ಕಲ್ಪನೆ ನಮ್ಮಲ್ಲಿ ಹುಟ್ಟಿದ್ದಲ್ಲ. 1866ರಲ್ಲಿ ಬೆಲ್ಜಿಯಂ ದೇಶದ ಘೆಂಟ್ ನಗರದಲ್ಲಿ ಫ್ರಾನ್ಸ್ವಾ ಲೊರಾಂ ಎಂಬ ಕಾನೂನು ಪ್ರಾಧ್ಯಾಪಕರು ಶಾಲಾಮಕ್ಕಳಿಗಾಗಿ ಉಳಿತಾಯದ ಪದ್ಧತಿಯೊಂದನ್ನು ಬಳಕೆಗೆ ತಂದರು. ಕಾರ್ಮಿಕರ ಮಕ್ಕಳು ತಮ್ಮ ಚಿಲ್ಲರೆ ಕಾಸನ್ನು ಶಿಕ್ಷಕರ ಕೈಗೆ ಒಪ್ಪಿಸುವುದು ಅದರ ಕ್ರಮ. 1924ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಉಳಿತಾಯ ಬ್ಯಾಂಕುಗಳ ಸಮಾವೇಶವು ಅಕ್ಟೋಬರ್ 31ನ್ನು ವಿಶ್ವ ಮಿತವ್ಯಯ ದಿನವೆಂದು ಸಾರಿತು. ನಮ್ಮ ದೇಶದಲ್ಲಿ ಅದನ್ನು 30ರಂದು ಆಚರಿಸುವುದು ರೂಢಿ. ಆ ದಿನ ನಾನೂ 'ಹನಿಗೂಡಿದರೆ ಹಳ್ಳ' ಎಂದು ಪ್ರಾರ್ಥನಾ ಸಭೆಯಲ್ಲಿ ಭಾಷಣ ಮಾಡುತ್ತಿದ್ದೆ.

ವಾಸ್ತವವಾಗಿ ನಾನು ಹಣದ ಪಾಠ ಕಲಿತದ್ದು ಬೇರೆ ಕಡೆ. 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಮನೆ, ಅಂಗಡಿಗಳ ಬಾಗಿಲಿಗೇ ಬಂದು ಸಂಗ್ರಹಿಸುವ ವ್ಯವಸ್ಥೆ ಅದು. ಆ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ನನ್ನ ಬಾಲ್ಯದಲ್ಲಿ ಸೋದರಮಾವನ ಕಿರಾಣಿ ಅಂಗಡಿಗೆ ಪಿಗ್ಮಿಯವರು ಸಂಜೆ ಬರುತ್ತಿದ್ದರು. ರಜೆಯಲ್ಲಿ ಹೋದಾಗ ನಾಣ್ಯ ಎಣಿಸಿಕೊಡುವ ಕೆಲಸ ನನ್ನದು. ದೀಪಾವಳಿಗೆ ಮುನ್ನ ಮಾವ ಆ ಹಣವನ್ನು ತೆಗೆದು ಬೆಲ್ಲ, ಎಣ್ಣೆ ತುಂಬಿಸುತ್ತಿದ್ದರು. ಅದನ್ನು ಯಾರೂ ದುಂದುಗಾರಿಕೆ ಎನ್ನಲಿಲ್ಲ.

ಇದನ್ನು ಕಣ್ಣಾರೆ ಕಂಡಿದ್ದೂ ನಾನು ಮಾಡಿದ್ದೇನು? ಒಂಬತ್ತನೆಯ ತರಗತಿಯ ಒಬ್ಬ ಹುಡುಗ, ವರ್ಷವಿಡೀ ಕೂಡಿಟ್ಟ 41 ರೂಪಾಯಿಯನ್ನು ಒಮ್ಮೆಲೇ ವಾಪಸು ಕೇಳಿದ. ಏಕೆಂದರೆ ಹೇಳಲಿಲ್ಲ. ತರಗತಿಯೆದುರು ನಿಲ್ಲಿಸಿ ಮಿತವ್ಯಯದ ಮೇಲೆ ದೀರ್ಘವಾಗಿ ಉಪದೇಶಿಸಿ, ಕೊನೆಗೆ ಹಣ ಕೊಟ್ಟೆ. 'ಸಾಲದಾಗಿ ಬಂದವನಂತೆ ನಿಂತಿದ್ದಾನೆ ನೋಡಿ' ಎಂದೂ ಅಂದೆ. ಮಕ್ಕಳು ನಕ್ಕರು.

ಮುಂದಿನ ವಾರ ಊರ ಜಾತ್ರೆ. ತೇರಿನ ಬೀದಿಯಲ್ಲಿ ಅವನು ತಾಯಿಯೊಡನೆ ಗೋಣಿತಾಟು ಹಾಸಿ ಹುರಿದ ಕಡಲೇಕಾಯಿ ಮಾರುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತು, ಒಂದು ಪೊಟ್ಟಣ ಕೈಗಿತ್ತ. 'ಬೇಡ ಸಾರ್, ದುಡ್ಡು ಬೇಡ' ಎಂದ. ನಾನು ಬಲವಂತವಾಗಿ ಕೊಟ್ಟೆ. ಆದರೆ ಬೇರೇನನ್ನೂ ಹೇಳಲಾಗಲಿಲ್ಲ. ಅವನು ಮತ್ತೆ ಸಂಚಯಿಕಕ್ಕೆ ಒಂದು ಪೈಸೆಯನ್ನೂ ಕಟ್ಟಲಿಲ್ಲ. ಹತ್ತನೆಯ ತರಗತಿ ಮುಗಿಸಿ ಊರು ಬಿಟ್ಟ.

2014ರ ಮೇ ತಿಂಗಳಿನಲ್ಲಿ ರಿಸರ್ವ್ ಬ್ಯಾಂಕು, ಹತ್ತು ವರ್ಷ ದಾಟಿದ ಮಕ್ಕಳು ಬಯಸಿದರೆ ಉಳಿತಾಯ ಖಾತೆಯನ್ನು ತಾವೇ ನಿರ್ವಹಿಸಬಹುದೆಂದು ಬ್ಯಾಂಕುಗಳಿಗೆ ತಿಳಿಸಿತು. ಮೊತ್ತದ ಮಿತಿಯನ್ನು ಆಯಾ ಬ್ಯಾಂಕು ನಿರ್ಧರಿಸಬೇಕು. ಪತ್ರಿಕೆಯಲ್ಲಿ ಆ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದವನು ಆ ಹುಡುಗನೇ.

ಕೆಂಪು ಪುಸ್ತಕದಲ್ಲಿ ಅವನ ಪುಟವನ್ನು ಹುಡುಕಿದೆ. 25 ಪೈಸೆ, 50 ಪೈಸೆ, ಒಂದು ರೂಪಾಯಿ, ಹೀಗೆ ಜಮೆಯ ಸಾಲುಗಳು. ಕೊನೆಗೆ ವಾಪಸಾತಿ 41. ಕಾರಣದ ಅಂಕಣದಲ್ಲಿ ಕೆಂಪು ಶಾಯಿಯಲ್ಲಿ ನಾನು ಬರೆದದ್ದು: 'ಅನಾವಶ್ಯಕ'.