ಕಾರ್ಲೆಯ ಶೈಲಗೃಹ ಮತ್ತು ವೈಜಯಂತಿಯ ಶ್ರೇಷ್ಠಿ

ಮುಂಬಯಿಯಿಂದ ಪುಣೆಗೆ ವರ್ಷಕ್ಕೆ ಹತ್ತು ಸಲ ಹೋಗಿಬರುವ ಕನ್ನಡಿಗರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಖಂಡಾಲೆಯ ಸುರಂಗಗಳನ್ನು ದಾಟಿ, ಲೋಣಾವಳದಲ್ಲಿ ಚಿಕ್ಕಿಯ ಪೊಟ್ಟಣ ಕೊಂಡು ಕಣ್ಣು ಮುಚ್ಚಿದರೆ ಶಿವಾಜಿನಗರದವರೆಗೆ ಎಚ್ಚರವಿರುವುದಿಲ್ಲ. ಆ ನಿದ್ದೆಯ ಹೊತ್ತಿನಲ್ಲಿಯೇ ಎಡಗಡೆಯ ಬೆಟ್ಟದಲ್ಲಿ ಕಾರ್ಲೆಯ ಗುಹೆಗಳೂ, ಬಲಗಡೆಯಲ್ಲಿ ಭಾಜೆಯ ಗುಹೆಗಳೂ, ಅವುಗಳಿಗೂ ಮೇಲೆ ಲೋಹಗಡ ವಿಸಾಪುರಗಳೂ ಸರಿದುಹೋಗುತ್ತವೆ. ಕಾರ್ಲೆಯ ಗೋಡೆಯ ಮೇಲೆ ನಮ್ಮ ಬನವಾಸಿಯ ಹೆಸರು ಸುಮಾರು ಎರಡು ಸಾವಿರ ವರ್ಷಗಳಿಂದ ಇದೆಯೆಂಬುದನ್ನು ಬಲ್ಲವರು ವಿರಳ. ಆದ್ದರಿಂದಲೇ ಈ ಸಂಚಿಕೆಯಲ್ಲಿ ಅದರ ವಿಚಾರವಾಗಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ಬೆಟ್ಟದ ಮೆಟ್ಟಲುಗಳನ್ನು ಹತ್ತುವಾಗ ನಮ್ಮ ಜೊತೆಗೆ ಹತ್ತುವವರಲ್ಲಿ ಹೆಚ್ಚಿನವರು ಗುಹೆ ನೋಡಲು ಬಂದವರಲ್ಲ, ಏಕವೀರಾ ದೇವಿಯ ಭಕ್ತರು. ಕೋಳಿ ಮತ್ತು ಆಗರಿ ಜನರಿಗೆ ಆಕೆ ಕುಲದೇವತೆ. ಚೈತ್ರದ ಜಾತ್ರೆಯಲ್ಲಿ ಇಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ದೇವಿಯ ಗುಡಿ ಇರುವುದು ಬೌದ್ಧರ ಚೈತ್ಯದ ಬಾಗಿಲಿಗೇ ಹೊಂದಿಕೊಂಡು. ಇನ್ನೊಂದು ಮಗ್ಗುಲಲ್ಲಿ ನಾಲ್ಕು ಸಿಂಹಗಳನ್ನು ಹೊತ್ತ ಎತ್ತರವಾದ ಸ್ತಂಭವಿದೆ. ಮಹಾರಠಿ ಅಗ್ನಿಮಿತ್ರಣಕನೆಂಬವನು ಕೊಟ್ಟ ದಾನವದು.

ಒಳಗೆ ಕಾಲಿಟ್ಟಾಗ ಮಾತು ತಾನಾಗಿ ನಿಲ್ಲುತ್ತದೆ. ಉದ್ದ ಸುಮಾರು 124 ಅಡಿ, ಅಗಲವೂ ಎತ್ತರವೂ 45 ಅಡಿಗಳಷ್ಟು; ಇಡೀ ಮಂಟಪ ಒಂದೇ ಬಂಡೆಯನ್ನು ಕೊರೆದು ತೆಗೆದುದು. ಎರಡು ಪಕ್ಕಗಳಲ್ಲಿ ಹದಿನೈದು ಹದಿನೈದರಂತೆ ಕಂಬಗಳು, ಸ್ತೂಪದ ಹಿಂದೆ ಅಲಂಕಾರವಿಲ್ಲದ ಇನ್ನೂ ಏಳು. ಕಂಬದ ಬುಡದಲ್ಲಿ ಕುಂಭ, ತಲೆಯಲ್ಲಿ ಬೋರಲು ಹಾಕಿದ ಗಂಟೆಯ ಆಕಾರ, ಅದರ ಮೇಲೆ ಮಂಡಿಯೂರಿದ ಆನೆಗಳು, ಆನೆಗಳ ಮೇಲೆ ಸ್ತ್ರೀಪುರುಷರು. ಮೇಲಿನ ಕಮಾನಿಗೆ ಜೋಡಿಸಿದ ಸಾಗವಾನಿಯ ತೊಲೆಗಳನ್ನು ನೋಡಿದಾಗ ನಮಗೆ ಕಲ್ಲಿಗಿಂತಲೂ ಹೆಚ್ಚು ಸೋಜಿಗವಾಯಿತು. ಬಂಡೆಯ ಛಾವಣಿಗೆ ಆಧಾರ ಬೇಕಿಲ್ಲವಷ್ಟೆ! ಮರದ ಮನೆಗಳನ್ನು ಕಟ್ಟಿ ರೂಢಿಯಾದ ಕೈಗಳು ಕಲ್ಲಿನಲ್ಲಿ ಕೆಲಸ ಮಾಡುವಾಗಲೂ ಮರವನ್ನು ಮರೆಯಲಿಲ್ಲ. ಸ್ತೂಪದ ಮೇಲಿನ ಕೊಡೆಯೂ ಮರದ್ದೇ. ಕುದುರೆಯ ಲಾಳದ ಆಕಾರದ ಗವಾಕ್ಷದಿಂದ ಬರುವ ಬೆಳಕು ನೇರವಾಗಿ ಅದರ ಕಡೆಗೆ ಹರಿಯುತ್ತದೆ. ಮುಂಭಾಗದಲ್ಲಿರುವ ಬುದ್ಧನ ಮೂರ್ತಿಗಳು ಮಾತ್ರ ಮೊದಲಿನವಲ್ಲ. ಮಹಾಯಾನದ ಕಾಲದಲ್ಲಿ, ಹಲವು ಶತಮಾನಗಳ ತರುವಾಯ, ಹಳೆಯ ದಂಪತಿಶಿಲ್ಪಗಳ ನಡುವೆ ಎಡೆಮಾಡಿಕೊಂಡು ಕೆತ್ತಿದವು.

ಇಷ್ಟು ದೊಡ್ಡ ಕೆಲಸವನ್ನು ಯಾವನೋ ಒಬ್ಬ ಚಕ್ರವರ್ತಿ ಮಾಡಿಸಿರಬೇಕೆಂದು ನಾವು ಊಹಿಸುತ್ತೇವೆ. ಶಾಸನಗಳು ಬೇರೆಯೇ ಮಾತು ಹೇಳುತ್ತವೆ. ಒಂದೊಂದು ಕಂಬಕ್ಕೆ ಒಬ್ಬೊಬ್ಬ ದಾನಿ. ಧೇನುಕಾಕಟವೆಂಬ ಊರಿನ ಯವನರು ಹಲವರು. ಸೋಪಾರದ ಧರ್ಮಬೋಧಕ ಸಾತಿಮಿತ. ಬಾಗಿಲಿಗೆ ಸುಗಂಧದ್ರವ್ಯ ಮಾರುವ ಸಿಂಹದತ್ತ, ಬಡಗಿ ಸಾಮಿ. ಕೊಂಕಣದ ಬಂದರುಗಳಿಂದ ಬೋರಘಾಟನ್ನೇರಿ ದಖನ್ನಿನ ಪಟ್ಟಣಗಳಿಗೆ ಸರಕು ಸಾಗುತ್ತಿದ್ದ ದಾರಿಯಿದು. ವಣಿಕರ ಹಣ, ಕಸಬುದಾರರ ಶ್ರಮ, ಭಿಕ್ಷುಗಳ ವಸತಿ, ಮೂರೂ ಇಲ್ಲಿ ಕೂಡಿದುವು.

ಮುಖಮಂಟಪದ ಎಡಗಡೆಯ ಗೋಡೆಯಲ್ಲಿರುವ ಸಾಲು ನಮ್ಮದು. ವೈಜಯಂತಿಯಿಂದ ಬಂದ ಶ್ರೇಷ್ಠಿ ಭೂತಪಾಲನು ಜಂಬೂದ್ವೀಪದಲ್ಲಿಯೇ ಉತ್ತಮವಾದ ಈ ಶೈಲಗೃಹವನ್ನು ಪೂರ್ಣಗೊಳಿಸಿದನೆಂಬುದು ಅದರ ತಾತ್ಪರ್ಯ. ವೈಜಯಂತಿಯೆಂದರೆ ಉತ್ತರ ಕನ್ನಡದ ಬನವಾಸಿಯೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ಮಯೂರಶರ್ಮನು ಕದಂಬರಾಜ್ಯ ಕಟ್ಟಿದ್ದು ಕ್ರಿ. ಶ. ನಾಲ್ಕನೆಯ ಶತಮಾನದಲ್ಲಿ, ಹಲ್ಮಿಡಿಯ ಶಾಸನ ಸುಮಾರು 450ರದು. ಭೂತಪಾಲ ಇವೆಲ್ಲಕ್ಕಿಂತ ಬಹಳ ಹಿಂದಿನವನು. ಅವನ ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದ್ದರಿಂದ ಅವನನ್ನು ಕನ್ನಡದ ಅಭಿಮಾನಿಯೆಂದು ವೇದಿಕೆಯ ಮೇಲೆ ಹೊಗಳುವುದು ತರವಲ್ಲ. ರಾಜ್ಯೋತ್ಸವದ ಉತ್ಸಾಹದಲ್ಲಿಯೂ ಇಷ್ಟು ಸಂಯಮ ಬೇಕು. ಆದರೆ ಆ ಸಾಲಿನಲ್ಲಿ ಗಮನಿಸತಕ್ಕದ್ದು ಎರಡು ಉಂಟು. ಅವನು 'ಕಟ್ಟಿಸಿದೆ' ಎನ್ನಲಿಲ್ಲ, 'ಪೂರ್ಣಗೊಳಿಸಿದೆ' ಎಂದ. ಅನ್ಯರ ಪಾಲು ಅಳಿಸಿಹೋಗಲಿಲ್ಲ. ಮತ್ತು ಪರಸ್ಥಳದಲ್ಲಿ ಇಷ್ಟು ಧನ ಸುರಿದವನು ತನ್ನ ಊರಿನ ಹೆಸರನ್ನು ಬಿಡಲಿಲ್ಲ. ಹೊಟ್ಟೆಪಾಡಿಗೆ ಘಟ್ಟ ದಾಟಿ ಬಂದು ಇಲ್ಲಿಯೇ ನೆಲೆನಿಂತ ನಮಗೆ ಆ ಎರಡನೆಯ ಮಾತು ಚೆನ್ನಾಗಿ ಅರ್ಥವಾಗುತ್ತದೆ.

ಅರಸರೂ ಬಂದರು, ಆದರೆ ಗ್ರಾಮದಾನಕ್ಕೆ. ಕ್ಷಹರಾತ ನಹಪಾನನ ಅಳಿಯ ಉಷವದಾತನು ಇಲ್ಲಿ, ಅಂದಿನ ವಲೂರಕದಲ್ಲಿ, ಮಳೆಗಾಲ ಕಳೆಯುವ ಭಿಕ್ಷುಗಳ ಪೋಷಣೆಗಾಗಿ ಕರಜಿಕ ಗ್ರಾಮವನ್ನು ಕೊಟ್ಟ. ನಹಪಾನನನ್ನು ಗೆದ್ದ ಸಾತವಾಹನರು ಅದನ್ನು ಕಿತ್ತುಕೊಳ್ಳದೆ ತಮ್ಮ ಹೆಸರಿನಲ್ಲಿ ಮತ್ತೆ ಕೊಟ್ಟರು! ಅವರ ಆಜ್ಞೆ ಹೊರಟದ್ದು ಮಾಮಾಲದ ಅಮಾತ್ಯನಿಗೆ; ಇಂದಿನ ಮಾವಳ ತಾಲೂಕಿನ ಹೆಸರು ಅದರದೇ ರೂಪ.

ಮಧ್ಯಾಹ್ನದ ಬುತ್ತಿ ಮುಗಿಸಿ ಮಳವಲಿ ನಿಲ್ದಾಣದ ಆಚೆಗಿರುವ ಭಾಜೆಗೆ ಹೋಗಬೇಕು. ಅಲ್ಲಿಯ ಚೈತ್ಯ ಕಾರ್ಲೆಗಿಂತ ಹಳೆಯದು, ಕ್ರಿ. ಪೂ. ಎರಡನೆಯ ಶತಮಾನದ್ದು, ಕಂಬಗಳು ಮರದ ಮನೆಯ ಊರೆಗಳಂತೆ ಒಳಕ್ಕೆ ವಾಲಿವೆ. ದಕ್ಷಿಣದ ವಿಹಾರವೊಂದರಲ್ಲಿ ರಥವೇರಿದ ಸೂರ್ಯ, ಆನೆಯೇರಿದ ಇಂದ್ರ ಎಂದು ವಾಡಿಕೆಯಲ್ಲಿ ಕರೆಯುವ ಶಿಲ್ಪಗಳಿವೆ. ವಾದ್ಯ ಬಾರಿಸುವ ಹೆಂಗಸನ್ನೂ ಕುಣಿಯುವ ಇನ್ನೊಬ್ಬಳನ್ನೂ ತಪ್ಪದೆ ನೋಡಬೇಕು. ಮಳೆಗಾಲದಲ್ಲಿ ಹತ್ತಿರದ ಜಲಪಾತ ತುಂಬಿರುತ್ತದೆ; ಜನಜಂಗುಳಿಯೂ ಅಷ್ಟೇ.

ಲೋಹಗಡವನ್ನು ಶಿವಾಜಿ ಮಹಾರಾಜರು 1648ರಲ್ಲಿ ಗೆದ್ದು, 1665ರ ಪುರಂದರದ ಒಪ್ಪಂದದಲ್ಲಿ ಬಿಟ್ಟುಕೊಟ್ಟು, 1670ರಲ್ಲಿ ಮರಳಿ ಪಡೆದರು. ಚೇಳಿನ ಬಾಲದಂತೆ ಚಾಚಿರುವ ಅದರ ಏಣು ಕೆಳಗಿನಿಂದಲೇ ಕಾಣುತ್ತದೆ. 2025ರಲ್ಲಿ ಇದು ಮರಾಠಾ ದುರ್ಗಗಳ ಜೊತೆಗೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕಾರ್ಲೆ, ಭಾಜೆ ಮುಗಿಸಿದ ದಿನವೇ ಇದನ್ನೂ ಹತ್ತುವ ಹಟ ಬೇಡ. ಮಕ್ಕಳುಮರಿಗಳಿದ್ದರಂತೂ ಇನ್ನೊಂದು ಭಾನುವಾರಕ್ಕೆ ಇಟ್ಟುಕೊಳ್ಳುವುದೇ ಮೇಲು. ಮಳವಲಿಯಲ್ಲಿ ಪುಣೆ-ಲೋಣಾವಳ ಲೋಕಲ್ ಗಾಡಿಗಳು ನಿಲ್ಲುತ್ತವೆ. ಮುಂಬಯಿಯವರು ಲೋಣಾವಳದಲ್ಲಿ ಇಳಿದು ಅದನ್ನು ಹಿಡಿಯಬಹುದು. ಜೊತೆಗೆ ಒಂದು ಕೈದೀಪವಿರಲಿ. ಭೂತಪಾಲನ ಅಕ್ಷರಗಳು ಓರೆಯಾಗಿ ಬಿದ್ದ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತವೆ.