ಉಮ್ಮತ್ತಿಯ ಹೊಗೆಯಿಂದ ಇನ್ಹೇಲರಿನವರೆಗೆ

ಗೂರಲು, ಉಬ್ಬಸ, ದಮ್ಮು ಎಂದು ಉಸಿರು ಸಿಗದ ಸಂಕಟಕ್ಕೆ ಕನ್ನಡದಲ್ಲಿ ಹಲವು ಹೆಸರುಗಳಿವೆ. ಚರಕಸಂಹಿತೆ ಶ್ವಾಸರೋಗವನ್ನು ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಐದಾಗಿ ವಿಂಗಡಿಸುತ್ತದೆ. ಇವುಗಳಲ್ಲಿ ತಮಕಶ್ವಾಸದ ವರ್ಣನೆ ಓದುವಾಗ ಇಂದಿನ ಆಸ್ತಮಾ ರೋಗಿಯೇ ನನ್ನ ಕಣ್ಮುಂದೆ ಬಂದಂತಾಯಿತು. ಮಲಗಿದರೆ ಹಿಂಸೆ, ಎದ್ದು ಕೂತರೆ ತುಸು ನೆಮ್ಮದಿ. ಮೋಡ, ಮಳೆ, ಚಳಿ, ಮೂಡಣ ಗಾಳಿಗೆ ರೋಗ ಉಲ್ಬಣ. ಮದ್ದಿನ ಬತ್ತಿ ಮಾಡಿ ಅದರ ಹೊಗೆ ಎಳೆಯುವ ಚಿಕಿತ್ಸೆಯೂ ಅಲ್ಲಿದೆ. ಮದ್ದನ್ನು ಹೊಟ್ಟೆಗೆ ಹಾಕದೆ ಉಸಿರಿನ ದಾರಿಗೇ ಕಳಿಸುವ ಈ ಉಪಾಯ ನನ್ನ ಕುತೂಹಲ ಕೆರಳಿಸಿತು.

ಅದರ ಜಾಡು ಹಿಡಿದು ಹೊರಟಾಗ ಮದರಾಸು ಎದುರಾಯಿತು. ಗೂರಲಿಗೆ ಉಮ್ಮತ್ತಿಯ, ಅಂದರೆ ದತ್ತೂರದ, ಬೇರನ್ನು ಒಣಗಿಸಿ ಸೇದುವ ರೂಢಿ ಅಲ್ಲಿತ್ತು. ಕಂಪನಿ ಸರ್ಕಾರದ ವೈದ್ಯ ಜೇಮ್ಸ್ ಆಂಡರ್ಸನ್ ಅದನ್ನು ಜನರಲ್ ಜೆಂಟ್ ಎಂಬ ಸೇನಾಧಿಕಾರಿಗೆ ತಿಳಿಸಿದ. ಜೆಂಟ್ ಮೂಲಕ 1802ರಲ್ಲಿ ಅದು ಬ್ರಿಟನ್ ತಲುಪಿತು. ಮುಂದೆ ದತ್ತೂರದ ಎಲೆ ತುಂಬಿದ 'ಆಸ್ತಮಾ ಸಿಗರೇಟು'ಗಳು ಯುರೋಪಿನ ಔಷಧಿ ಅಂಗಡಿಗಳಲ್ಲಿ ಮಾರಾಟವಾದವು. ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ಟ್ ಕೂಡ ಇಂಥ ಹೊಗೆಯ ಆಸರೆ ಪಡೆದವನೇ.

ದತ್ತೂರದಲ್ಲಿರುವ ಅಟ್ರೋಪಿನ್‌ನಂಥ ಸಾರಗಳು ಬಿಗಿದ ಶ್ವಾಸನಾಳಗಳನ್ನು ಸಡಿಲಿಸುತ್ತವೆ. ಅವೇ ಸಾರಗಳು ಭ್ರಮೆ ಹಿಡಿಸುತ್ತವೆ, ಪ್ರಾಣವನ್ನೂ ತೆಗೆಯುತ್ತವೆ. ಸಂಸ್ಕೃತದಲ್ಲಿ ಈ ಗಿಡಕ್ಕೆ 'ಉನ್ಮತ್ತ' ಎಂಬ ಹೆಸರು ಸುಮ್ಮನೆ ಬಂದಿಲ್ಲ. ಒಂದು ದಮ್ಮಿನಲ್ಲಿ ಮದ್ದೆಷ್ಟು, ವಿಷವೆಷ್ಟು ಎಂಬುದು ಸೇದುವವನಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಮುಂದಿನ ಒಂದೂವರೆ ಶತಮಾನದ ಕತೆಯನ್ನು ನಾನು ಅಳತೆಯ ಹುಡುಕಾಟ ಎಂದೇ ಓದಿಕೊಂಡೆ.

ಒತ್ತಿದಾಗಲೆಲ್ಲ ಒಂದೇ ಪ್ರಮಾಣದ ಮದ್ದು ಕೊಡುವ ಇನ್ಹೇಲರ್ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದದ್ದು 1956ರಲ್ಲಿ. ನಾಳಗಳನ್ನು ಬೇಗ ಸಡಿಲಿಸುವ ಸಾಲ್ಬುಟಮಾಲ್ 1969ರಲ್ಲಿ ಬಂತು. ನಾಳದೊಳಗಿನ ಊತವನ್ನೇ ತಗ್ಗಿಸುವ ಸ್ಟೀರಾಯ್ಡ್ ಇನ್ಹೇಲರ್ 1972ರಲ್ಲಿ ಬಂತು. ಅಟ್ರೋಪಿನ್‌ನ ಕುಲದ ಇಪ್ರಾಟ್ರೋಪಿಯಂ ಇಂದಿಗೂ ಆಸ್ಪತ್ರೆಗಳ ನೆಬ್ಯುಲೈಸರಿನಲ್ಲಿದೆ.

ಇಷ್ಟಾದರೂ ಇನ್ಹೇಲರ್ ಎಂದರೆ ಕೊನೆಯ ಮದ್ದು, ಹಿಡಿದರೆ ಬಿಡದ ಚಟ ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿದೆ. ನನ್ನ ಅಜ್ಜಿ ಮಾತ್ರೆಯನ್ನು ಎಲ್ಲರೆದುರೇ ನುಂಗುತ್ತಿದ್ದಳು. ನೆಂಟರು ಬಂದರೆ ಇನ್ಹೇಲರನ್ನು ಸೆರಗಿನಡಿ ಮುಚ್ಚಿಕೊಳ್ಳುತ್ತಿದ್ದಳು. ಲೆಕ್ಕ ಹೇಳುವುದು ಬೇರೆಯೇ. ಸಾಲ್ಬುಟಮಾಲ್‌ನ ಒಂದು ಮಾತ್ರೆಯಲ್ಲಿ 4 ಮಿಲಿಗ್ರಾಂ ಇದ್ದರೆ, ಇನ್ಹೇಲರಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ, ಅಂದರೆ ನಲವತ್ತರಲ್ಲಿ ಒಂದು ಪಾಲು. ಮದ್ದು ನೇರವಾಗಿ ಶ್ವಾಸನಾಳಕ್ಕೆ ಹೋಗುವುದರಿಂದ ಅಷ್ಟೇ ಸಾಕಾಗುತ್ತದೆ.

ಸ್ಟೀರಾಯ್ಡ್ ಇನ್ಹೇಲರಿನದು ಇನ್ನೊಂದು ಪಾಠ. ವೈದ್ಯರು ಬರೆದುಕೊಟ್ಟಿದ್ದರೆ ಉಸಿರು ಸಲೀಸಾಗಿರುವ ದಿನವೂ ಅದನ್ನು ಎಳೆಯಬೇಕು, ಏಕೆಂದರೆ ಅದರ ಕೆಲಸ ಉಬ್ಬಸ ಏಳದಂತೆ ನೋಡಿಕೊಳ್ಳುವುದು. ಆದರೆ ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ ಮನೆಯಲ್ಲಿ ಕಾಯುವಂತಿಲ್ಲ; ಕೂಡಲೇ ಆಸ್ಪತ್ರೆಗೆ ಹೊರಡಬೇಕು.