ಬಡ್ಡಿ, ಗುಂಟೆ, ಇಂಚು: ಪದವಿ ವಿದ್ಯಾರ್ಥಿಗಳಿಗೆ ನಿತ್ಯ ಬದುಕಿನ ಗಣಿತ

ಚಿತ್ರದುರ್ಗ: ಕಲಾ ಪದವಿಗೆ ಸೇರುವ ಬಹುತೇಕ ವಿದ್ಯಾರ್ಥಿಗಳ ಪಾಲಿಗೆ ಗಣಿತವು ಎಸ್ಸೆಸ್ಸೆಲ್ಸಿಗೇ ಮುಗಿದುಹೋದ ವಿಷಯ. ಆದರೆ ಲೆಕ್ಕ ಅವರನ್ನು ಬಿಡುವುದಿಲ್ಲ. ಮನೆಗೆ ಬರುವ ಸಾಲದ ಪತ್ರ, ತೋಟದ ಅಳತೆ, ಕೊಳವೆಬಾವಿಯ ನೀರು, ಮಾರುಕಟ್ಟೆಯ ಧಾರಣೆ ಎಲ್ಲದರಲ್ಲೂ ಅದು ಎದುರಾಗುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಯಂತಹ ಮಳೆ ಕಡಿಮೆಯಾದ ಸೀಮೆಯಲ್ಲಿ ತಪ್ಪು ಲೆಕ್ಕಕ್ಕೆ ತೆರಬೇಕಾದ ಬೆಲೆಯೂ ದೊಡ್ಡದು.

ಇಂತಹ ತಪ್ಪು ಸಾಮಾನ್ಯವಾಗಿ ಕೂಡುವುದರಲ್ಲಿ, ಗುಣಿಸುವುದರಲ್ಲಿ ಆಗುವುದಿಲ್ಲ. ಆ ಕೆಲಸವನ್ನು ಮೊಬೈಲ್ ಫೋನೇ ಮಾಡಿಕೊಡುತ್ತದೆ. ‘ಯಾವುದರ ಮೇಲೆ?’ ಮತ್ತು ‘ಯಾವ ಅಳತೆಯಲ್ಲಿ?’ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಬಿಟ್ಟಾಗ ತಪ್ಪು ಆಗುತ್ತದೆ.

ಈ ಬಗೆಯ ಗಣಿತ ಕನ್ನಡ ನಾಡಿಗೆ ಹೊಸತಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 9ನೆಯ ಶತಮಾನದಲ್ಲಿ ರಚಿಸಿದ ‘ಗಣಿತಸಾರ ಸಂಗ್ರಹ’ದಲ್ಲಿ ಬಡ್ಡಿ, ಹೊಲದ ವಿಸ್ತೀರ್ಣ ಮತ್ತು ಅಗೆತದ ಲೆಕ್ಕಗಳಿವೆ. 12ನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಬರೆದ ಗ್ರಂಥಗಳಲ್ಲೊಂದರ ಹೆಸರೇ ‘ವ್ಯವಹಾರ ಗಣಿತ’.

ಸಾಲ: ಬಡ್ಡಿ ಯಾವುದರ ಮೇಲೆ?

ಊರುಗಳಲ್ಲಿ ಬಡ್ಡಿಯನ್ನು ‘ನೂರಕ್ಕೆ ಮೂರು ರೂಪಾಯಿ’ ಎಂದು ಹೇಳುವುದು ರೂಢಿ. ಇದು ತಿಂಗಳ ದರ. ವರ್ಷಕ್ಕೆ ಶೇ 36 ಆಗುತ್ತದೆ. ಪ್ರತಿ ತಿಂಗಳ ಬಡ್ಡಿಯನ್ನು ಕಟ್ಟದೆ ಅದು ಅಸಲಿಗೆ ಸೇರುತ್ತ ಹೋದರೆ ಚಕ್ರಬಡ್ಡಿಯಾಗಿ ವರ್ಷದ ಹೊರೆ ಶೇ 42.6ಕ್ಕೆ ಏರುತ್ತದೆ. ಅಂದರೆ 50,000 ರೂಪಾಯಿ ಸಾಲ ವರ್ಷದ ಕೊನೆಗೆ ಸುಮಾರು 71,290 ರೂಪಾಯಿಯಾಗಿರುತ್ತದೆ.

ಕಂತಿನ ಸಾಲದಲ್ಲಿ ಇನ್ನೊಂದು ತೊಡಕಿದೆ. ಒಂದು ಲಕ್ಷ ರೂಪಾಯಿಯನ್ನು 12 ತಿಂಗಳ ಕಂತಿಗೆ, ಶೇ 12ರ ಬಡ್ಡಿಗೆ ಪಡೆದರೆಂದು ಭಾವಿಸಬಹುದು. ‘ಫ್ಲಾಟ್’ ದರವಾದರೆ ಇಡೀ ಲಕ್ಷದ ಮೇಲೆ ವರ್ಷವಿಡೀ ಬಡ್ಡಿ ಬೀಳುತ್ತದೆ. ಬಡ್ಡಿ 12,000 ರೂಪಾಯಿ, ಕಂತು 9,333 ರೂಪಾಯಿ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ‘ರೆಡ್ಯೂಸಿಂಗ್’ ಪದ್ಧತಿಯಲ್ಲಿ ಕಂತು 8,885 ರೂಪಾಯಿ, ಒಟ್ಟು ಬಡ್ಡಿ ಸುಮಾರು 6,620 ರೂಪಾಯಿ. ಎರಡೂ ಪತ್ರಗಳಲ್ಲಿ ಬರೆದಿರುವುದು ಶೇ 12 ಎಂದೇ. ಆದರೆ ಕಂತು ಕಟ್ಟಿದಂತೆ ಅಸಲು ಇಳಿಯುವುದರಿಂದ ಮೊದಲನೆಯದರ ನಿಜವಾದ ದರ ಶೇ 21ಕ್ಕೂ ಹೆಚ್ಚು.

ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಮತ್ತು ಬ್ಯಾಂಕೇತರ ಹಣಕಾಸು ಸಂಸ್ಥೆಗಳು ಹೊಸ ಚಿಲ್ಲರೆ ಸಾಲಗಳಿಗೆ ಮುಖ್ಯಾಂಶಗಳ ಪತ್ರವೊಂದನ್ನು ನೀಡಬೇಕು. ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ‘ಎಪಿಆರ್’ ಅದರಲ್ಲಿರುತ್ತದೆ. ಸಹಿ ಹಾಕುವ ಮೊದಲು ನೋಡಬೇಕಾದ ಸಂಖ್ಯೆ ಅದು. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಎಂಬುದು ಈ ಲೆಕ್ಕದ ಮಹತ್ವವನ್ನು ಹೇಳುತ್ತದೆ.

ಗುಂಟೆ, ಎಕರೆ ಮತ್ತು ಸಸಿ

ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಜಾಗ. 1,089 ಚದರ ಅಡಿ. 30-40ರ ನಿವೇಶನಕ್ಕೆ 1,200 ಚದರ ಅಡಿ ಬೇಕಾಗುವುದರಿಂದ ಒಂದು ಗುಂಟೆ ಅದಕ್ಕೆ ಸಾಲದು. 40 ಗುಂಟೆ ಸೇರಿ ಒಂದು ಎಕರೆ, ಅಂದರೆ 43,560 ಚದರ ಅಡಿ.

ಹೊಳಲ್ಕೆರೆ ಭಾಗದಲ್ಲಿ ಅಡಿಕೆ ಸಸಿಯನ್ನು 9 ಅಡಿ ಅಂತರದಲ್ಲಿ ನೆಟ್ಟರೆ ಪ್ರತಿ ಸಸಿಗೆ 81 ಚದರ ಅಡಿ ಬೇಕು. ಎಕರೆಗೆ ಸುಮಾರು 538 ಸಸಿ ಹಿಡಿಯುತ್ತವೆ. ಅಂತರವನ್ನು 8 ಅಡಿಗೆ ಇಳಿಸಿದರೆ 680 ಸಸಿ. ಒಂದೇ ಅಡಿ ಕಡಿಮೆ ಮಾಡಿದ್ದಕ್ಕೆ ಸಸಿಗಳ ಸಂಖ್ಯೆ ಕಾಲು ಭಾಗಕ್ಕಿಂತ ಹೆಚ್ಚು ಏರಿತು. ನೀರಿನ ಅಗತ್ಯವೂ ಅಷ್ಟೇ ಏರುತ್ತದೆ. ಹೊಸದುರ್ಗದ ತೆಂಗಿನ ತೋಟದಲ್ಲಿ 30 ಅಡಿ ಅಂತರವಿಟ್ಟರೆ ಎಕರೆಗೆ ಸಿಗುವುದು 48 ಗಿಡ.

ಎರಡು ಇಂಚು ನೀರು ಒಂದರ ಎರಡು ಪಟ್ಟಲ್ಲ

ಕೊಳವೆಬಾವಿ ಕೊರೆಸಿದವರು ‘ಒಂದು ಇಂಚು ನೀರು ಬಂತು, ಎರಡು ಇಂಚು ಬಂತು’ ಎನ್ನುತ್ತಾರೆ. ಇದು ಪೈಪಿನ ಅಳತೆಯಲ್ಲ. ‘ವಿ’ ಆಕಾರದ ಕಚ್ಚುಳ್ಳ ತಗಡಿನ ಮೇಲೆ ನೀರು ಹರಿಯುವಾಗ ಕಚ್ಚಿನ ತುದಿಯಿಂದ ನೀರು ಎಷ್ಟು ಎತ್ತರದಲ್ಲಿದೆ ಎಂಬುದರ ಅಳತೆ. ನೀರು ಏರಿದಂತೆ ಕಚ್ಚಿನ ಅಗಲವೂ ಹೆಚ್ಚುತ್ತದೆ, ಹರಿವಿನ ವೇಗವೂ ಹೆಚ್ಚುತ್ತದೆ. ಆದ್ದರಿಂದ ಎತ್ತರ ಎರಡು ಪಟ್ಟಾದರೆ ನೀರು ಸುಮಾರು ಐದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. 90 ಡಿಗ್ರಿ ಕಚ್ಚಿನಲ್ಲಿ ಒಂದು ಇಂಚು ಎಂದರೆ ಗಂಟೆಗೆ ಸುಮಾರು 540 ಲೀಟರ್. ಎರಡು ಇಂಚು ಎಂದರೆ ಸುಮಾರು 3,000 ಲೀಟರ್.

ಹನಿ ನೀರಾವರಿಯಲ್ಲಿ ಬೇಸಿಗೆಗೆ ಅಡಿಕೆ ಮರವೊಂದಕ್ಕೆ ದಿನಕ್ಕೆ 20 ಲೀಟರ್ ಎಂದು ಹಿಡಿದರೆ, 538 ಮರಗಳ ಎಕರೆಗೆ 10,760 ಲೀಟರ್ ಬೇಕು. ದಿನಕ್ಕೆ 7 ಗಂಟೆ ತ್ರೀಫೇಸ್ ವಿದ್ಯುತ್ ಸಿಕ್ಕರೆ ಒಂದು ಇಂಚಿನ ಬಾವಿ ಕೊಡುವುದು 3,780 ಲೀಟರ್. ಅದು 189 ಮರಗಳಿಗೆ ಮಾತ್ರ ಸಾಕು. ಎರಡು ಇಂಚಿನ ಬಾವಿ ಸುಮಾರು ಎರಡು ಎಕರೆಯನ್ನು ನಿಭಾಯಿಸುತ್ತದೆ. ಸಾಲ ಮಾಡಿ ತೋಟ ಕಟ್ಟುವ ಮೊದಲು ಹಾಕಬೇಕಾದ ಲೆಕ್ಕ ಇದು.

ಜಲಾಶಯದ ಅಡಿ, ಗಾಳಿಯ ವೇಗ

ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರದ ಪೂರ್ಣ ಮಟ್ಟ 130 ಅಡಿ, ಸಾಮರ್ಥ್ಯ ಸುಮಾರು 30 ಟಿಎಂಸಿ ಅಡಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ; ಸುಮಾರು 2,830 ಕೋಟಿ ಲೀಟರ್. ಮಟ್ಟ 65 ಅಡಿ ಇದ್ದರೆ ಜಲಾಶಯ ಅರ್ಧ ತುಂಬಿದೆ ಎಂದು ತಿಳಿಯುವುದು ತಪ್ಪು. ಕಣಿವೆ ತಳದಲ್ಲಿ ಕಿರಿದು, ಮೇಲೆ ವಿಶಾಲ. ತಲೆಕೆಳಗಾದ ಶಂಕುವಿನಲ್ಲಿ ಅರ್ಧ ಎತ್ತರಕ್ಕೆ ಹಿಡಿಯುವುದು ಎಂಟನೆಯ ಒಂದು ಭಾಗ ಮಾತ್ರ. ನಿಜವಾದ ಜಲಾಶಯ ಪೂರ್ತಿ ಶಂಕುವಿನಂತಿರದಿದ್ದರೂ ಕೆಳಗಿನ ಅಡಿಗಳಲ್ಲಿ ನೀರು ಕಡಿಮೆ, ಮೇಲಿನ ಅಡಿಗಳಲ್ಲಿ ಹೆಚ್ಚು ಎಂಬುದು ಬದಲಾಗುವುದಿಲ್ಲ.

ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳಲ್ಲೂ ಇಂತಹುದೇ ಲೆಕ್ಕವಿದೆ. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ಅನುಗುಣ. ವೇಗ ಸೆಕೆಂಡಿಗೆ 5 ಮೀಟರಿನಿಂದ 6 ಮೀಟರಿಗೆ, ಅಂದರೆ ಶೇ 20ರಷ್ಟು ಏರಿದರೆ ಗಾಳಿಯಲ್ಲಿರುವ ಶಕ್ತಿ ಸುಮಾರು ಶೇ 73ರಷ್ಟು ಹೆಚ್ಚುತ್ತದೆ. ಯಂತ್ರಗಳನ್ನು ಗುಡ್ಡದ ನೆತ್ತಿಯಲ್ಲಿ ನಿಲ್ಲಿಸಲು ಇದೂ ಕಾರಣ.

ಶೇಕಡ ಮತ್ತು ಸರಾಸರಿ

ಕ್ವಿಂಟಲ್‌ಗೆ 50,000 ರೂಪಾಯಿ ಇದ್ದ ಅಡಿಕೆ ಧಾರಣೆ ಶೇ 20ರಷ್ಟು ಕುಸಿದರೆ 40,000 ರೂಪಾಯಿ. ಮತ್ತೆ ಶೇ 20ರಷ್ಟು ಏರಿದರೆ 48,000 ರೂಪಾಯಿ ಮಾತ್ರ. ಎರಡನೆಯ ಶೇಕಡ ಇಳಿದ ಬೆಲೆಯ ಮೇಲಿನದು. ಹಳೆಯ ಬೆಲೆ ಮುಟ್ಟಲು ಶೇ 25ರ ಏರಿಕೆ ಬೇಕು.

ಸರಾಸರಿಯೂ ಮೋಸ ಮಾಡಬಲ್ಲದು. ಮೂರು ವರ್ಷ ಕ್ರಮವಾಗಿ 300, 400 ಮತ್ತು 800 ಮಿ.ಮೀ. ಮಳೆ ಬಿದ್ದರೆ ಸರಾಸರಿ 500. ಆದರೆ ಎರಡು ವರ್ಷ ಬೆಳೆಗೆ ಸಿಕ್ಕಿದ್ದು ಅದಕ್ಕಿಂತ ಕಡಿಮೆ. 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಮುಂದಿನದಕ್ಕೆ ಅಷ್ಟು ಕಾಯಬೇಕಾಗಲಿಲ್ಲ. 2025ರ ಜನವರಿಯಲ್ಲೇ ಜಲಾಶಯ ಪುನಃ ಭರ್ತಿಯಾಯಿತು.

ನೆನಪಿಡಬೇಕಾದ ಪ್ರಶ್ನೆಗಳು

* ಬಡ್ಡಿ ದರ ತಿಂಗಳಿನದೋ ವರ್ಷದ್ದೋ? ಪೂರ್ಣ ಅಸಲಿನ ಮೇಲೋ, ಉಳಿದ ಅಸಲಿನ ಮೇಲೋ?
* ಶೇಕಡ ಎಂದರೆ ಯಾವ ಮೊತ್ತದ ಶೇಕಡ?
* ಅಳತೆ ಉದ್ದದ್ದೋ, ವಿಸ್ತೀರ್ಣದ್ದೋ, ಗಾತ್ರದ್ದೋ?
* ಸರಾಸರಿಯ ಜೊತೆಗೆ ಅತಿ ಕಡಿಮೆ ಮತ್ತು ಅತಿ ಹೆಚ್ಚು ಎಷ್ಟು?